ನಲವತ್ತಾರು ಸಹಿ, ಎರಡು ಚಿತ್ರ: ಒಂದು ಫಾಸ್ಟ್ ಸ್ಕ್ಯಾನಿನ ಪ್ರಕರಣ

ಇದು ನಾನು ಕೆಲಸ ಮಾಡುವ ಕ್ಯಾಶುವಾಲ್ಟಿಯಲ್ಲಿ ನಡೆದದ್ದು. ಫಾಸ್ಟ್ ಅಂದರೆ ಅಪಘಾತದಲ್ಲಿ ಪೆಟ್ಟಾದವರ ಹೊಟ್ಟೆಯೊಳಗೆ ರಕ್ತ ಇದೆಯಾ ಅಂತ ಬೇಗ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್. ಹೆದ್ದಾರಿ ಪಕ್ಕದ ಊರು, ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ ಅನ್ನುವಷ್ಟು ಸಾಕು. ಹೆಸರು, ವರ್ಷ ಯಾವುದನ್ನೂ ಹಾಕಿಲ್ಲ. ರೋಗಿಯ ವಿವರವನ್ನೂ ಗುರುತು ಸಿಗದಂತೆ ಅಲ್ಲಲ್ಲಿ ಬದಲಾಯಿಸಿದ್ದೇನೆ. ನಮ್ಮ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಆ ರಾತ್ರಿ

ರಾತ್ರಿ ಎರಡರ ಸುಮಾರು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗೆ ಹಿಂದಿನಿಂದ ಗುದ್ದಿದ ಬೈಕ್ ಸವಾರನನ್ನು ಕರೆತಂದರು. ಟ್ರೇಲರ್‌ಗೆ ಹಿಂದೆ ದೀಪ ಇರಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ನಮಗೆ ಇಂಥ ಕೇಸು ಹೊಸದೇನಲ್ಲ. ಮೂವತ್ತರ ಆಸುಪಾಸಿನ ವಯಸ್ಸು. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. ಎಡಗಡೆ ಪಕ್ಕೆ ನೋವು ಅಂದ. ಬಿಪಿ 104/70, ನಾಡಿ 118. ಮೂರನೇ ಬೆಡ್‌ಗೆ ಹಾಕಿದರು.

ಡ್ಯೂಟಿಯಲ್ಲಿ ಇದ್ದವನು ಎರಡನೇ ವರ್ಷದ ಪಿಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿ. ಡಾ. ಕ ಅನ್ನೋಣ. ಚುರುಕು ಹುಡುಗ, ಓದಿಕೊಂಡವನು, ಕೈ ಬೇಗ. ಮೈಮೇಲೆ ಇಟ್ಟು ನೋಡುವ ಪ್ರೋಬ್ ಹಿಡಿದು ನಾಲ್ಕು ನಿಮಿಷದಲ್ಲಿ ಸ್ಕ್ಯಾನ್ ಮುಗಿಸಿ ಕೇಸ್ ಶೀಟಿನಲ್ಲಿ ‘ಫಾಸ್ಟ್ ನೆಗೆಟಿವ್’ ಅಂತ ಬರೆದ. ಸಿಟಿ ಸ್ಕ್ಯಾನಿಗೆ ಆಗಲೇ ಇಬ್ಬರು ತಲೆಪೆಟ್ಟಿನವರು ಕಾಯುತ್ತಿದ್ದರು. ‘ನೆಗೆಟಿವ್’ ಅಂತ ಕಂಡ ಮೇಲೆ ಇವನನ್ನು ಅವರ ಹಿಂದೆ ಹಾಕಿದರು. ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಐವತ್ತು ನಿಮಿಷದ ಮೇಲೆ ಸಿಸ್ಟರ್ ಬಂದು, “ಡಾಕ್ಟ್ರೇ, ಮೂರನೇ ಬೆಡ್ಡಿನವರು ತುಂಬಾ ಬೆವರ್ತಿದಾರೆ, ನೀರು ನೀರು ಅಂತಿದಾರೆ” ಅಂದರು. ಬಿಪಿ ನೋಡಿದರೆ 78. ಸರ್ಜರಿಯವರು ಓಡಿ ಬಂದು ಮತ್ತೆ ಪ್ರೋಬ್ ಇಟ್ಟರು. ಗುಲ್ಮದ (ಸ್ಪ್ಲೀನ್) ಮೇಲೆ, ವಪೆಯ (ಎದೆ-ಹೊಟ್ಟೆ ನಡುವಿನ ಪರದೆ) ಕೆಳಗೆ, ಬೆರಳು ದಪ್ಪದ ಕಪ್ಪು ಪಟ್ಟಿ. ರಕ್ತ ಕೊಡುತ್ತಲೇ ಓಟಿಗೆ ಒಯ್ದರು. ಗುಲ್ಮ ತೆಗೆಯಬೇಕಾಯಿತು. ಆತ ಬದುಕಿದ. ಗುಲ್ಮ ಇಲ್ಲದವರಿಗೆ ಹಾಕುವ ಲಸಿಕೆಗಳ ಚೀಟಿ ಹಿಡಿದುಕೊಂಡು, ಅಣ್ಣನ ಭುಜ ಆತುಕೊಂಡು ಮನೆಗೆ ಹೋದ.

ಮರುವಾರದ ಸಭೆಯಲ್ಲಿ ಎಲ್ಲರ ಪ್ರಶ್ನೆ ಒಂದೇ. ಮೊದಲ ಸ್ಕ್ಯಾನ್ ಮಾಡುವಾಗ ರಕ್ತ ಇತ್ತಾ, ಇರಲಿಲ್ವಾ? ಯಂತ್ರ ತೆರೆದು ನೋಡಿದೆವು. ಉಳಿಸಿಟ್ಟ ಚಿತ್ರಗಳು ಎರಡೇ. ಒಂದರಲ್ಲಿ ಬಲಗಡೆಯ ಲಿವರ್ ಮತ್ತು ಕಿಡ್ನಿ, ಚೆನ್ನಾಗಿಯೇ ಇತ್ತು. ಇನ್ನೊಂದು ಎಡಗಡೆಯದು. ಅದರಲ್ಲಿ ಕಿಡ್ನಿ ಪೂರ್ತಿ ಇತ್ತು, ಗುಲ್ಮದ ಕೆಳಗಿನ ಅರ್ಧ ಇತ್ತು. ಗುಲ್ಮದ ಮೇಲಿನ ಜಾಗ, ಅಂದರೆ ಎಡಗಡೆ ರಕ್ತ ಮೊದಲು ಸೇರುವ ಜಾಗವೇ ಚಿತ್ರದಲ್ಲಿ ಇಲ್ಲ. ಹಾಗಾಗಿ ಪ್ರಶ್ನೆಗೆ ಉತ್ತರವೂ ಇಲ್ಲ. ರಕ್ತ ಆಗ ಇದ್ದಿರಬಹುದು, ಆಮೇಲೆ ಬಂದಿರಬಹುದು. ಡಾ. ಕ ಆ ಜಾಗವನ್ನು ನೋಡಿರಲಿಲ್ಲ ಅನ್ನುವುದಷ್ಟೇ ಖಚಿತ. ಅದಕ್ಕಿಂತ ಮುಖ್ಯ, ನೋಡಿಲ್ಲ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಈ ಸ್ಕ್ಯಾನ್ ಏನನ್ನು ಹುಡುಕುತ್ತದೆ

ವೈದ್ಯರಲ್ಲದವರೂ ಓದುತ್ತಿರಬಹುದು, ಅದಕ್ಕೆ ನಾಲ್ಕು ಮಾತು. ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಹೊರಗೆ ಒಂದು ತರಚು ಗಾಯವೂ ಇಲ್ಲದಿರಬಹುದು. ಅಂಗಾತ ಮಲಗಿದವರ ಹೊಟ್ಟೆಯಲ್ಲಿ ರಕ್ತ ತಗ್ಗಿನ ಕಡೆ ಹರಿದು ನಿಲ್ಲುತ್ತದೆ. ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಗಡೆ ಗುಲ್ಮದ ಸುತ್ತ, ಕೆಳಗೆ ಮೂತ್ರಚೀಲದ ಹಿಂದೆ. ಜೊತೆಗೆ ಹೃದಯದ ಸುತ್ತಲಿನ ಚೀಲ. ಈ ನಾಲ್ಕು ಕಿಟಕಿಗಳಲ್ಲಿ ಇಣುಕುವುದೇ ಫಾಸ್ಟ್. ಎದೆಯ ಎರಡೂ ಬದಿ ಸೇರಿಸಿ ಶ್ವಾಸಕೋಶ ಜಾರುತ್ತಿದೆಯಾ ಅಂತಲೂ ನೋಡಿದರೆ ಇ-ಫಾಸ್ಟ್. ರಕ್ತ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ರೋಗಿಯನ್ನು ಎಲ್ಲಿಗೂ ಒಯ್ಯಬೇಕಿಲ್ಲ, ವಿಕಿರಣ ಇಲ್ಲ, ಬೇಕಾದಷ್ಟು ಸಲ ಮಾಡಬಹುದು.

ಕೇಳಿದರೆ ಬಲು ಸುಲಭ. ತೊಡಕು ಇರುವುದು ‘ಇಲ್ಲ’ ಅನ್ನುವ ಉತ್ತರದಲ್ಲಿ. 1995ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು. ರೋಗಿಯ ಹೊಟ್ಟೆಗೆ ಸ್ವಲ್ಪಸ್ವಲ್ಪವೇ ದ್ರವ ಬಿಡುತ್ತಾ ಹೋಗುವುದು, ಎಷ್ಟು ಬಿಟ್ಟಿದ್ದಾರೆ ಅಂತ ಗೊತ್ತಿಲ್ಲದ ವೈದ್ಯರು ಲಿವರ್-ಕಿಡ್ನಿ ನಡುವೆ ಸ್ಕ್ಯಾನ್ ಮಾಡುತ್ತಾ ಕಂಡಾಗ ಹೇಳುವುದು. ಸರಾಸರಿ 600 ಮಿಲಿಗಿಂತ ಜಾಸ್ತಿ ಆದ ಮೇಲೆ ಕಂಡಿತು. 400 ಮಿಲಿಗಿಂತ ಕಡಿಮೆ ಇದ್ದಾಗಲೇ ಕಂಡವರು ಹತ್ತರಲ್ಲಿ ಒಬ್ಬರು. ಮುಂದೆ 2018ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಹೊಟ್ಟೆ, ಎದೆಯೊಳಗೆ ನಿಜವಾಗಿ ಪೆಟ್ಟು ಬಿದ್ದ 100 ಜನರಲ್ಲಿ ಈ ಬಗೆಯ ಸ್ಕ್ಯಾನ್ ಹಿಡಿಯುವುದು ಸುಮಾರು 74 ಜನರನ್ನು. ಪೆಟ್ಟಿಲ್ಲದ 100 ಜನರಲ್ಲಿ 96 ಜನರಿಗೆ ಸರಿಯಾಗಿ ‘ಇಲ್ಲ’ ಅನ್ನುತ್ತದೆ. ಮಕ್ಕಳಲ್ಲಿ ಹಿಡಿಯುವ ಪ್ರಮಾಣ ಇನ್ನೂ ಕಡಿಮೆ.

ಅಂದರೆ ಸ್ಕ್ಯಾನ್ ‘ಇದೆ’ ಅಂದರೆ ನಂಬಿ ಹೊರಡಬಹುದು. ‘ಇಲ್ಲ’ ಅಂದರೆ ಅರ್ಧ ಮಾತು ಅಂತ ತಿಳಿಯಬೇಕು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಡಾ. ಕ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಗೊತ್ತಿರುವುದು ಬೇರೆ, ರಾತ್ರಿ ಎರಡಕ್ಕೆ ಕೈಗೆ ಬರುವುದು ಬೇರೆ.

ಲಾಗ್‌ಬುಕ್

ಸಭೆ ಮುಗಿದ ಮೇಲೆ ಡಾ. ಕ ನನ್ನ ರೂಮಿಗೆ ಬಂದ. ಮುಖ ಕೆಂಪಗಿತ್ತು. ಮಾಡಿದ ಸ್ಕ್ಯಾನ್‌ಗಳನ್ನು ಬರೆದು ಹಿರಿಯರ ಸಹಿ ಹಾಕಿಸಿಕೊಳ್ಳುವ ಲಾಗ್‌ಬುಕ್ಕನ್ನು ಮೇಜಿನ ಮೇಲಿಟ್ಟ.

“ಸರ್, ನಲವತ್ತಾರು ಫಾಸ್ಟ್ ಆಗಿದೆ. ನಲವತ್ತಾರಕ್ಕೂ ಸಹಿ ಇದೆ. ಹಾಕಿದ್ದು ನೀವೇ ಅಲ್ವಾ?”

ಬೈಯಬೇಕು ಅಂದುಕೊಂಡಿದ್ದವನು ಸುಮ್ನೆ ಪುಟ ತಿರುಗಿಸಿದೆ. ಒಂದು ಪುಟದಲ್ಲಿ ಹದಿನಾಲ್ಕು ಸಾಲು. ಬೇರೆ ಬೇರೆ ದಿನದ ಸ್ಕ್ಯಾನ್, ಆದರೆ ಹದಿನಾಲ್ಕು ಸಹಿಯೂ ಒಂದೇ ಹಸಿರು ಶಾಯಿಯಲ್ಲಿ, ಒಂದೇ ಓರೆಯಲ್ಲಿ. ಕೊನೆಕೊನೆಗೆ ನನ್ನ ಹೆಸರಿನ ಎರಡನೇ ಅಕ್ಷರವೇ ಮಾಯ. ತಿಂಗಳ ಕೊನೆಯಲ್ಲಿ ಕಾರಿಡಾರ್‌ನಲ್ಲಿ ನಿಂತು ಹಾಕಿದ ಸಹಿಗಳು ಅವು. ಅದರಲ್ಲಿ ಎಷ್ಟು ಸ್ಕ್ಯಾನ್ ನಾನು ಪಕ್ಕದಲ್ಲಿ ನಿಂತು ನೋಡಿದ್ದೆ? ಹೆಚ್ಚೆಂದರೆ ಐದಾರು. ಅದರಲ್ಲೂ ಎಡಗಡೆ ಕಿಟಕಿಯನ್ನು ಗಮನಿಸಿ ನೋಡಿದ್ದೆ ಅಂತ ಆಣೆ ಮಾಡಿ ಹೇಳಲಾರೆ.

ಕೈ ಪಳಗಲು ಎಷ್ಟು ಸ್ಕ್ಯಾನ್ ಮಾಡಿರಬೇಕು ಅನ್ನುವ ಈ ಎಣಿಕೆಯ ಕಥೆಯೇ ಒಂದು ಥರ. ಅಮೆರಿಕದ ತುರ್ತು ವೈದ್ಯರ ಕಾಲೇಜಿನ ಮಾರ್ಗಸೂಚಿ ಒಂದೊಂದು ಬಗೆಯ ಸ್ಕ್ಯಾನಿಗೆ 25ರಿಂದ 50 ಅನ್ನುತ್ತದೆ. 1990ರ ದಶಕದ ಕೊನೆಯಲ್ಲಿ ಫಾಸ್ಟ್ ಬಗ್ಗೆ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮಾವೇಶ 200 ಅಂದಿತ್ತು. ಒಂದೇ ಕೆಲಸ, ಲೆಕ್ಕದಲ್ಲಿ ಎಂಟು ಪಟ್ಟು ವ್ಯತ್ಯಾಸ! ಹೀಗಿರುವಾಗ ನಲವತ್ತಾರು ಅನ್ನುವ ಸಂಖ್ಯೆ ಹೇಳುವುದಾದರೂ ಏನು? ನಲವತ್ತಾರು ಸಲ ಪ್ರೋಬ್‌ಗೆ ಜೆಲ್ ಹಚ್ಚಿದ್ದಾನೆ, ಅಷ್ಟೆ. ಒಂದೇ ತಪ್ಪನ್ನು ನಲವತ್ತಾರು ಸಲ ಮಾಡಿದರೂ ಲಾಗ್‌ಬುಕ್ ತುಂಬುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಸುತ್ತು ಇದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರ ನೋಂದಣಿ ಆಗಿರಬೇಕು, ಯಾರು ಬಳಸುತ್ತಾರೆ ಅನ್ನುವುದೂ ದಾಖಲಾಗಿರಬೇಕು. ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಎಫ್ ಫಾರಂ ತುಂಬಬೇಕು. 2014ರಲ್ಲಿ ಆರು ತಿಂಗಳ ತರಬೇತಿಯ ನಿಯಮಗಳೂ ಬಂದವು. ಕಾಯ್ದೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥ ವಿಭಾಗದಲ್ಲಿ ಅದರ ನೆರಳು ಹೀಗೆ ಬೀಳುತ್ತದೆ: ಯಂತ್ರ ಬೀಗದಲ್ಲಿ, ಬೀಗದ ಕೈ ಡ್ಯೂಟಿ ಕನ್ಸಲ್ಟೆಂಟ್ ಹತ್ತಿರ. ಬಿಡುವಿದ್ದಾಗ ಗೆಳೆಯನ ಹೊಟ್ಟೆ ಮೇಲೆ ಪ್ರೋಬ್ ಇಟ್ಟು ಕೈ ಪಳಗಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. ಕಲಿಕೆ ಎಲ್ಲ ಅಪಘಾತದ ಗಡಿಬಿಡಿಯಲ್ಲೇ ಆಗಬೇಕು. ‘ಯಾರು ಮುಟ್ಟಬಹುದು’ ಅನ್ನುವುದಕ್ಕೆ ನಮ್ಮಲ್ಲಿ ಪಕ್ಕಾ ಕಾಗದ ಇತ್ತು. ‘ಯಾರಿಗೆ ಬರುತ್ತದೆ’ ಅನ್ನುವುದಕ್ಕೆ ಇದ್ದದ್ದು ನನ್ನ ಹಸಿರು ಸಹಿ.

ಪರೀಕ್ಷೆ ಮಾಡೋಣ ಅಂತ ಹೊರಟೆವು

ಮೂವರು ಕೂತೆವು. ನಾನು, ರೇಡಿಯಾಲಜಿಯ ಒಬ್ಬ ಮೇಡಂ, ಹಿರಿಯ ಸರ್ಜನ್ ಒಬ್ಬರು. ಪಿಜಿಗಳು, ಡ್ಯೂಟಿ ಡಾಕ್ಟರ್‌ಗಳು ಎಲ್ಲರನ್ನೂ ಅಳೆಯುವುದು ಅಂತ ತೀರ್ಮಾನ ಆಯಿತು. ಡಾ. ಕ ಒಬ್ಬನನ್ನೇ ಅಲ್ಲ. ಇದನ್ನು ಒತ್ತಿ ಹೇಳಿದ್ದು ಸರ್ಜನ್. “ಒಬ್ಬನನ್ನೇ ನಿಲ್ಲಿಸಿದರೆ ಅದು ವಿಚಾರಣೆ ಆಗುತ್ತೆ, ಪರೀಕ್ಷೆ ಆಗಲ್ಲ” ಅಂದರು. ಕನ್ಸಲ್ಟೆಂಟ್‌ಗಳೂ ಬನ್ನಿ ಅಂದಾಗ ಇಬ್ಬರಿಗೆ ಅದೇ ವಾರ ತುರ್ತು ಕೆಲಸ ಬಂತು. ಅದಿರಲಿ.

ಮೊದಲು ಮಾಡಿದ್ದು ಎಲ್ಲಕ್ಕಿಂತ ಸುಲಭದ್ದು. ಪ್ರಶ್ನೆಪತ್ರಿಕೆ, ಜೊತೆಗೆ ವಿಡಿಯೋ ತುಣುಕು. ಇದರಲ್ಲಿ ರಕ್ತ ಇದೆಯಾ? ಇದು ಕಿಡ್ನಿ ಸುತ್ತಲಿನ ಕೊಬ್ಬಾ? ಇದು ಹೊಟ್ಟೆಚೀಲದೊಳಗಿನ ನೀರಾ? ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕಿದ ಮೇಲೆ ಎಡ ಶ್ವಾಸಕೋಶ ಜಾರುತ್ತಿಲ್ಲ, ತಕ್ಷಣ ಎದೆಗೆ ನಳಿಕೆ ಹಾಕುತ್ತೀಯಾ, ಟ್ಯೂಬ್ ಬಲಗಡೆಗೆ ಇಳಿದಿದೆಯಾ ಅಂತ ಮೊದಲು ನೋಡುತ್ತೀಯಾ? ಒಳ್ಳೆಯ ಪ್ರಶ್ನೆಗಳೇ. ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದವರು ಯಾರು ಗೊತ್ತಾ? ಡಾ. ಕ. ಮೇಡಂ ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ಬೇರೆಯವರು ಸರಿಯಾಗಿ ತೆಗೆದ ಚಿತ್ರವನ್ನು ಓದುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಆ ರಾತ್ರಿ ಆ ಚಿತ್ರ ಅವನ ಪರದೆಗೆ ಬಂದೇ ಇರಲಿಲ್ಲ.

ಎರಡನೆಯದು ಕೈ ಪರೀಕ್ಷೆ. ವಾರ್ಡ್ ಬಾಯ್ ಒಬ್ಬ ಒಪ್ಪಿ ಮಲಗಿದ. ಸ್ಕ್ಯಾನ್ ಮಾಡುವವರ ಕೈ ಮತ್ತು ಪರದೆ ಮಾತ್ರ ಬರುವ ಹಾಗೆ ವಿಡಿಯೋ ಮಾಡಿದೆವು. ಮುಖ ಇಲ್ಲ, ದನಿ ಇಲ್ಲ. ಮೂವರೂ ಬೇರೆ ಬೇರೆ ಕೂತು ಅಂಕ ಹಾಕಿದೆವು. ಅಳತೆಗೆ ಹೊಸದಾಗಿ ಏನೂ ಕಟ್ಟಲಿಲ್ಲ. 2013ರಲ್ಲಿ ಡೆನ್ಮಾರ್ಕ್‌ನವರು ಮುಂದಾಗಿ ಹಲವು ದೇಶಗಳ ತಜ್ಞರ ಒಮ್ಮತದಿಂದ ಮಾಡಿದ ‘ಓಸಾಸ್’ ಅನ್ನುವ ಪಟ್ಟಿ ಇದೆ. ಸ್ಕ್ಯಾನ್ ಯಾಕೆ ಮಾಡಬೇಕು, ಯಂತ್ರ ಗೊತ್ತಾ, ಚಿತ್ರ ಹದಗೊಳಿಸಲು ಬರುತ್ತಾ, ಕ್ರಮವಾಗಿ ನೋಡುತ್ತಾರಾ, ಕಂಡದ್ದು ಅರ್ಥ ಆಗುತ್ತಾ, ಬರೆದಿಡುತ್ತಾರಾ, ಮುಂದೇನು ಮಾಡಬೇಕು ಅಂತ ಗೊತ್ತಾ. ಏಳು ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಫಾಸ್ಟ್‌ಗೆ ಅಂತಲೇ ಕೆನಡಾದವರು ಮಾಡಿದ ‘ಕ್ವಿಕ್’ ಅನ್ನುವ ಇನ್ನೊಂದು ಪಟ್ಟಿಯೂ ಇದೆ. ಒಂದೊಂದು ಕಿಟಕಿಯಲ್ಲಿ ಏನೇನು ಕಾಣಲೇಬೇಕು ಅನ್ನುವುದನ್ನು ಆ ದಾರಿಯಲ್ಲೇ ಬರೆದುಕೊಂಡೆವು.

ಇಲ್ಲಿ ಪೆಟ್ಟು ಬಿದ್ದದ್ದು ನಮಗೇ. ಒಂದೇ ವಿಡಿಯೋಗೆ ನಾನು 4 ಹಾಕಿದ್ದೆ, ಮೇಡಂ 2. “ಗೇನ್ ಸರಿ ಮಾಡಿಕೊಂಡಿಲ್ಲ, ಮೂತ್ರಚೀಲದ ಹಿಂದೆ ಎಲ್ಲ ಬೆಳ್ಳಗಾಗಿದೆ, ಅಲ್ಲಿ ಒಂದು ಲೋಟ ರಕ್ತ ಇದ್ದರೂ ಕಾಣಲ್ಲ” ಅನ್ನುವುದು ಅವರ ವಾದ. ಗೇನ್ ಅಂದರೆ ಚಿತ್ರ ಎಷ್ಟು ಬೆಳ್ಳಗೆ ಕಾಣಬೇಕು ಅಂತ ಹೊಂದಿಸುವುದು. “ಟ್ರಾಮಾದಲ್ಲಿ ಇಷ್ಟು ಸಾಕು ಮೇಡಂ” ಅನ್ನುವುದು ನನ್ನದು. ಸರ್ಜನ್ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. ಹುಡುಗ ಕೊನೆಗೆ ಏನು ಹೇಳಿದ ಅನ್ನುವುದಷ್ಟೇ ಅವರಿಗೆ ಬೇಕು. ಎರಡು ಸಂಜೆ ವಾದ ಮಾಡಿದ ಮೇಲೆ ಗೊತ್ತಾಯಿತು, ಮೇಡಂ ಹೇಳಿದ್ದೇ ಸರಿ. ಮೂತ್ರದ ಹಿಂದೆ ಅಲೆಗಳು ಜೋರಾಗಿ ಹಾಯುವುದರಿಂದ ಆ ಭಾಗ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಳದ ಗೇನ್ ಇಳಿಸದಿದ್ದರೆ ತೆಳು ರಕ್ತ ಆ ಬೆಳಕಲ್ಲಿ ಮುಚ್ಚಿಹೋಗುತ್ತದೆ. ಇಷ್ಟು ವರ್ಷ ನಾನೇ ಅದನ್ನು ಮಾಡುತ್ತಿರಲಿಲ್ಲ. ಅಳೆಯುವವರು ಮೊದಲು ತಮ್ಮೊಳಗೆ ಒಂದು ಮಾತಿಗೆ ಬರದಿದ್ದರೆ ಆ ಅಂಕಕ್ಕೆ ಅರ್ಥ ಇಲ್ಲ. ಹಳೆಯ ಐದಾರು ವಿಡಿಯೋ ಒಟ್ಟಿಗೆ ಕೂತು ನೋಡಿ, ಇದಕ್ಕೆ ಯಾಕೆ 2, ಅದಕ್ಕೆ ಯಾಕೆ 4 ಅಂತ ಬರೆದಿಟ್ಟುಕೊಂಡ ಮೇಲೇ ಮುಂದೆ ಹೋದೆವು.

ಆದರೆ ವಾರ್ಡ್ ಬಾಯ್ ಹೊಟ್ಟೆಯಲ್ಲಿ ರಕ್ತ ಎಲ್ಲಿಂದ ಬರಬೇಕು? ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದರೆ ಎಲ್ಲರ ಉತ್ತರವೂ ‘ನೆಗೆಟಿವ್’, ಎಲ್ಲರದೂ ಸರಿ.

ಮೇಷ್ಟ್ರು

ಹೊಟ್ಟೆಗೆ ದ್ರವ ಬಿಟ್ಟು ಡಯಾಲಿಸಿಸ್ ಮಾಡಿಕೊಳ್ಳುವ ರೋಗಿಗಳಿರುತ್ತಾರೆ. ಫಾಸ್ಟ್ ಕಲಿಸಲು ಅವರ ನೆರವು ಪಡೆಯುವುದು ಬೇರೆ ಕಡೆಗಳಲ್ಲಿ ಹಳೆಯ ಅಭ್ಯಾಸ. ನಮ್ಮ ನೆಫ್ರಾಲಜಿಯಲ್ಲಿ, ಅಂದರೆ ಕಿಡ್ನಿ ವಿಭಾಗದಲ್ಲಿ, ಅಂಥವರೊಬ್ಬರಿದ್ದರು, ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ವಿಷಯ ಹೇಳಿ, ಬೇಡ ಅಂದರೆ ಏನೂ ಬೇಜಾರಿಲ್ಲ ಅಂದೆವು. ಅವರು ನಕ್ಕರು. “ಜೀವಮಾನ ಇಡೀ ಮಕ್ಕಳಿಗೆ ಪರೀಕ್ಷೆ ಮಾಡಿದೀನಿ. ಈಗ ನಾನೇ ಪ್ರಶ್ನೆಪತ್ರಿಕೆ ಆಗ್ತೀನಿ ಬಿಡಿ” ಅಂದರು. ಲಿಖಿತ ಒಪ್ಪಿಗೆ ತೆಗೆದುಕೊಂಡು, ದ್ರವ ಬಿಡುವ ನಳಿಕೆ (ಕ್ಯಾತಿಟರ್) ಇರುವ ಜಾಗವನ್ನು ನೆಫ್ರಾಲಜಿ ಸಿಸ್ಟರ್ ಮುಚ್ಚಿ, ಅಲ್ಲಿಗೆ ಯಾರ ಕೈಯೂ ಹೋಗದಂತೆ ಅವರೇ ಪಕ್ಕದಲ್ಲಿ ನಿಂತರು. ದ್ರವ ಬಿಡುವ ಹೊತ್ತಿಗೇ ಪರೀಕ್ಷೆ. ಒಂದಷ್ಟು ಬಿಟ್ಟು ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಗೆ ಕರೆಯುವುದು. ಮೊದಲು ಸ್ವಲ್ಪ, ಆಮೇಲೆ ಜಾಸ್ತಿ. ಪೂರ್ತಿ ಖಾಲಿ ಮಾಡಿದರೂ ತಳದಲ್ಲಿ ಒಂಚೂರು ಉಳಿದೇ ಇರುತ್ತದೆ. ಹಾಗಾಗಿ ‘ಏನೂ ಇಲ್ಲ’ ಅನ್ನುವ ಉತ್ತರಕ್ಕೆ ಇಲ್ಲಿ ಅಂಕ ಇರಲಿಲ್ಲ. ಇನ್ನೊಂದು ಮಾತು: ಇಂಥವರ ಕಿಡ್ನಿ ಚಿಕ್ಕದಾಗಿ, ಬೆಳ್ಳಗೆ ಕಾಣುತ್ತದೆ. ಅದನ್ನು ಮುಂಚೆಯೇ ಹೇಳದಿದ್ದರೆ ಕಿಡ್ನಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಅವತ್ತು ಎರಡು ಘಟನೆ ನಡೆದವು.

ಕಡಿಮೆ ದ್ರವ ಇದ್ದಾಗ ಡಾ. ಕ ಬಂದ. ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ ನೋಡಿ, ‘ಇಲ್ಲ’ ಅಂದು ಮುಂದೆ ಹೋದ. ಲಿವರ್‌ನ ಕೆಳ ತುದಿಯ ತನಕ ಪ್ರೋಬ್ ಇಳಿಸಲಿಲ್ಲ. ಬಲಗಡೆ ಕಡಿಮೆ ದ್ರವ ಇದ್ದಾಗ ಮೊದಲು ಕಾಣುವುದು ಆ ತುದಿಯಲ್ಲೇ. ಎಡಗಡೆಯೂ ಅರ್ಧ ಗುಲ್ಮ ನೋಡಿ ‘ಇಲ್ಲ’. ಕೆಳಗೆ ಮೂತ್ರಚೀಲದ ಹಿಂದೆ, ‘ಇಲ್ಲ’. ಮೂರು ನಿಮಿಷ ನಲವತ್ತು ಸೆಕೆಂಡ್. ಎಲ್ಲರಿಗಿಂತ ಬೇಗ.

ಅವನ ನಂತರ ಡಾ. ಚ. ಮೊದಲ ವರ್ಷದ ಹುಡುಗಿ, ಲಾಗ್‌ಬುಕ್ಕಿನಲ್ಲಿ ಹತ್ತೊಂಬತ್ತು ಸ್ಕ್ಯಾನ್. ಕೈ ನಡುಗುತ್ತಿತ್ತು. ಬಲಗಡೆ ಹುಡುಕಿ ಹುಡುಕಿ ಕೊನೆಗೆ ತುದಿಯಲ್ಲಿ ಕಪ್ಪು ಗೆರೆ ಹಿಡಿದಳು. ಎಡಗಡೆ ಬಂದಾಗ ಗ್ಯಾಸ್ ಅಡ್ಡ ಬಂತು. ಎರಡು ನಿಮಿಷ ಒದ್ದಾಡಿ ಪ್ರೋಬ್ ಎತ್ತಿ ನನ್ನ ಕಡೆ ನೋಡಿದಳು. “ಸರ್, ಎಡಗಡೆ ಗುಲ್ಮದ ಮೇಲೆ ನಂಗೆ ಕಾಣ್ತಿಲ್ಲ. ಇದೆ ಇಲ್ಲ ಅಂತ ಹೇಳಕ್ಕಾಗಲ್ಲ.”

ನಮ್ಮ ಹಾಳೆಯಲ್ಲಿ ಇದ್ದದ್ದು ಎರಡೇ ಚೌಕ, ‘ಇದೆ’ ಮತ್ತು ‘ಇಲ್ಲ’. ಅವಳ ಉತ್ತರ ಹಾಕಲು ಜಾಗವೇ ಇಲ್ಲ. ನಾನು ಪೆನ್ನು ಹಿಡಿದು, ಉತ್ತರ ಕೊಟ್ಟಿಲ್ಲ ಅಂತ ಸೊನ್ನೆ ಹಾಕಲು ಹೊರಟಿದ್ದೆ. ಸರ್ಜನ್ ಕೈ ಅಡ್ಡ ಹಿಡಿದರು. “ಏನ್ ಮಾಡ್ತಿದೀರಿ? ರಾತ್ರಿ ಎರಡಕ್ಕೆ ಫೋನಲ್ಲಿ ನಂಗೆ ಬೇಕಾಗಿರೋದು ಇದೇ ಉತ್ತರ” ಅಂದರು.

ಇಡೀ ಪ್ರಕರಣ ತಿರುಗಿದ್ದು ಅಲ್ಲೇ ಅಂತ ನನಗೆ ಅನಿಸುತ್ತದೆ. ಆ ರಾತ್ರಿ ಡಾ. ಕ ‘ಎಡ ಮೇಲ್ಭಾಗ ಕಾಣಲಿಲ್ಲ’ ಅಂತ ಬರೆದಿದ್ದರೆ? ಸ್ಕ್ಯಾನ್ ಅಷ್ಟೇ ಅರೆಬರೆ ಇರುತ್ತಿತ್ತು. ಆದರೆ ಆತನನ್ನು ಸಿಟಿ ಸಾಲಿನ ಕೊನೆಗೆ ಯಾರೂ ಹಾಕುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಇನ್ನೊಬ್ಬರು ಪ್ರೋಬ್ ಇಡುತ್ತಿದ್ದರು. ಕೇಸ್ ಶೀಟಿನಲ್ಲೂ, ಪರೀಕ್ಷೆಯ ಹಾಳೆಯಲ್ಲೂ ಎರಡೇ ಚೌಕ ಇಟ್ಟು, ‘ಕಾಣಲಿಲ್ಲ’ ಅನ್ನುವುದನ್ನೆಲ್ಲ ‘ಇಲ್ಲ’ ಅಂತ ಬರೆಯಲು ಕಲಿಸಿದ್ದು ನಾವು.

ಅವತ್ತೇ ಹಾಳೆ ಬದಲಾಯಿತು. ಆರು ಕಿಟಕಿಗೆ ಆರು ಸಾಲು, ಸಾಲಿಗೆ ಮೂರು ಚೌಕ. ಒಟ್ಟು ಫಲಿತಾಂಶ ಅಂತ ‘ಫಾಸ್ಟ್ ನೆಗೆಟಿವ್’ ಬರೆಯುವ ಜಾಗವನ್ನೇ ತೆಗೆದೆವು. ಹೊಸ ಲೆಕ್ಕದಲ್ಲಿ, ನೋಡದೆ ‘ಇಲ್ಲ’ ಅಂದರೆ ಎಲ್ಲಕ್ಕಿಂತ ಕಡಿಮೆ ಅಂಕ. ಹಾಗಂತ ಮೂರನೇ ಚೌಕವೂ ಪುಕ್ಕಟೆ ಅಲ್ಲ. ಆರಕ್ಕೆ ಆರೂ ‘ಕಾಣಲಿಲ್ಲ’ ಅಂತ ಬರೆದು ಜಾರಿಕೊಳ್ಳಬಹುದು, ಅಲ್ವಾ? ಅದಕ್ಕೆ ‘ಕಾಣಲಿಲ್ಲ’ ಅಂದವರು ಮುಂದೆ ಏನು ಮಾಡಿದೆ ಅಂತ ಪಕ್ಕದಲ್ಲೇ ಬರೆಯಬೇಕು. ರೋಗಿಗೆ ಉಸಿರೆಳೆಯಲು ಹೇಳಿದೆ, ಪ್ರೋಬ್ ಹಿಂದೆ ಸರಿಸಿದೆ, ತಲೆ ಭಾಗ ತಗ್ಗಿಸಿದೆ, ಹಿರಿಯರನ್ನು ಕರೆದೆ, ಇಂತಿಷ್ಟು ಹೊತ್ತಿಗೆ ಮತ್ತೆ ನೋಡುತ್ತೇನೆ. ಏನಾದರೂ ಒಂದು.

ಮೂರನೇ ಬೆಡ್ಡಿನ ಗೋಡೆ

ಡಾ. ಕನ ಎಡಗಡೆ ಯಾಕೆ ಯಾವಾಗಲೂ ಅರ್ಧ? ಮೇಷ್ಟ್ರ ಹೊಟ್ಟೆ ಮೇಲಿನ ಅವನ ವಿಡಿಯೋ ಮೂರು ಸಲ ನೋಡಿದೆವು. ಅವನ ಪ್ರೋಬ್ ತುಂಬಾ ಮುಂದೆ ಇತ್ತು. ಗುಲ್ಮ ಇರುವುದು ಹಿಂದೆ ಮತ್ತು ಮೇಲೆ. ಬಲಗಡೆಗಿಂತ ಒಂದು ಪಕ್ಕೆ ಮೇಲೆ, ಬೆರಳಗೆಣ್ಣು ಹಾಸಿಗೆಗೆ ತಾಗುವಷ್ಟು ಹಿಂದೆ ಇಡಬೇಕು. ಹೇಳಿದಾಗ ಅವನು ಗೊತ್ತು ಅಂದ. ನಿಜಕ್ಕೂ ಗೊತ್ತಿತ್ತು, ಪ್ರಶ್ನೆಪತ್ರಿಕೆಯಲ್ಲಿ ಬರೆದೂ ಇದ್ದ.

ನಿಜಸ್ಥಳದಲ್ಲಿ ನೋಡೋಣ ಅಂತ ಕ್ಯಾಶುವಾಲ್ಟಿಗೆ ಇಳಿದೆವು. ಮೂರನೇ ಬೆಡ್ ಹತ್ತಿರ ನಿಂತಾಗ ಮೇಡಂ ನಗಲು ಶುರು ಮಾಡಿದರು. ಟ್ರಾಲಿಯ ಎಡಬದಿ ಗೋಡೆಗೆ ಅಂಟಿತ್ತು. ನಡುವೆ ಆಕ್ಸಿಜನ್ ಪೈಪು. ಯಂತ್ರ ಬಲಗಡೆ, ಪ್ರೋಬಿನ ವೈರು ಗಿಡ್ಡ. ಎಡಗಡೆ ನೋಡಬೇಕಾದರೆ ರೋಗಿಯ ಹೊಟ್ಟೆ ಮೇಲಿಂದ ಬಾಗಿ, ಕೈ ಚಾಚಿ, ಪಕ್ಕದ ಕಂಬಿ ಎತ್ತಿದ್ದರೆ ಅದರ ಒಳಗೆ ಮಣಿಕಟ್ಟು ತಿರುಗಿಸಬೇಕು. ನಾನೇ ಮಾಡಿ ನೋಡಿದೆ. ಬೆರಳಗೆಣ್ಣು ಹಾಸಿಗೆ ಮುಟ್ಟುವ ಮಾತೇ ಇಲ್ಲ. ನನಗೂ ಬಂದದ್ದು ಕಿಡ್ನಿ ಮತ್ತು ಅರ್ಧ ಗುಲ್ಮ. ಡಾ. ಕ ತನ್ನ ನಲವತ್ತಾರರಲ್ಲಿ ಬಹುಪಾಲನ್ನು ಆ ಮೂಲೆಯಲ್ಲೇ ಮಾಡಿದ್ದ. ಕೈ ಅಲ್ಲಿಗೆ ಒಗ್ಗಿಹೋಗಿ, ಜಾಗ ಇದ್ದ ಕಡೆಯೂ ಮುಂದೆಯೇ ಇಡುತ್ತಿದ್ದ.

ಇನ್ನೊಂದು ಸಂಗತಿಯೂ ಅಲ್ಲೇ ಕಣ್ಣಿಗೆ ಬಿತ್ತು. ಟ್ರಾಮಾ ಕೇಸು ಬಂದ ಕೂಡಲೇ ಸಿಸ್ಟರ್‌ಗಳು ಮೂತ್ರಕ್ಕೆ ಟ್ಯೂಬ್ ಹಾಕಿಬಿಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಮೂತ್ರಚೀಲ ಖಾಲಿಯಾದರೆ ಕೆಳಗಿನ ಕಿಟಕಿಯೇ ಮುಚ್ಚಿದ ಹಾಗೆ, ತುಂಬಿದ ಚೀಲದ ಮೂಲಕವೇ ಅದರ ಹಿಂದಿನ ಜಾಗ ಕಾಣುವುದು. ಸ್ಕ್ಯಾನ್ ಆದ ಮೇಲೆ ಟ್ಯೂಬ್ ಅಂತ ಕ್ರಮ ಬದಲಾಯಿಸಿದೆವು. ಇದನ್ನು ಹೇಳಿಕೊಟ್ಟರೆ ಸಾಕಿತ್ತು, ಒಂದೇ ದಿನದಲ್ಲಿ ಆಯಿತು. ಟ್ರಾಲಿಯನ್ನು ಗೋಡೆಯಿಂದ ಎರಡಡಿ ಸರಿಸಲು ಮಾತ್ರ ಮೂರು ಅರ್ಜಿ, ಆರು ವಾರ ಬೇಕಾಯಿತು.

ಆಮೇಲೆ

ಡಾ. ಕನಿಗೆ ಶಿಕ್ಷೆ ಅಂತ ಏನೂ ಇಲ್ಲ. ಎರಡು ತಿಂಗಳು ಒಬ್ಬನೇ ಸ್ಕ್ಯಾನ್ ಮಾಡುವ ಹಾಗಿಲ್ಲ, ಪಕ್ಕದಲ್ಲಿ ಹಿರಿಯರು ಇರಬೇಕು ಅಂತಾಯಿತು. ಮೊದಲ ವಾರ ಮುಖ ಊದಿಸಿಕೊಂಡು ಓಡಾಡಿದ. ಕಿರಿಯರ ಎದುರು ಅವಮಾನ ಆಯಿತು ಅಂತ ಅವನಿಗೆ. ಅವನ ಕೋಪದಲ್ಲಿ ಅರ್ಧ ನ್ಯಾಯ ಇತ್ತು, ನಾನು ಒಪ್ಪಿಕೊಂಡೆ. ಆ ಹಸಿರು ಶಾಯಿಯ ಪುಟವನ್ನು ಮುಂದಿನ ಸಭೆಯಲ್ಲಿ ನಾನೇ ಪರದೆ ಮೇಲೆ ಹಾಕಿ ತೋರಿಸಿದೆ. ಅದಾದ ಮೇಲೆ ಅವನು ಸ್ವಲ್ಪ ಸಡಿಲವಾದ.

ಸಹಿಯ ನಿಯಮ ಬದಲಾಯಿತು. ತುಣುಕು ಉಳಿಸಿಟ್ಟಿದ್ದರೆ ಮಾತ್ರ ಸಹಿ. ಒಂದು ನಿಂತ ಚಿತ್ರ ಸಾಲದು. ಪ್ರೋಬ್ ಆ ಕಡೆಯಿಂದ ಈ ಕಡೆಗೆ ಬೀಸಿದ ತುಣುಕೇ ಬೇಕು, ಏನು ನೋಡಿದರು ಅನ್ನುವುದರ ಜೊತೆ ಏನು ನೋಡಲಿಲ್ಲ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಮೊದಲು ಎಲ್ಲವನ್ನೂ ನೋಡುತ್ತೇನೆ ಅಂತ ಹುಮ್ಮಸ್ಸಿನಲ್ಲಿ ಹೇಳಿದೆ. ಮೂರನೇ ವಾರಕ್ಕೆ ಸೋತೆ. ಯಂತ್ರದ ಜಾಗವೂ ತುಂಬಿತು. ಈಗ ‘ಇದೆ’ ಅಂದದ್ದು ಎಲ್ಲ, ‘ಕಾಣಲಿಲ್ಲ’ ಅಂದದ್ದು ಎಲ್ಲ, ‘ಇಲ್ಲ’ ಅಂದದ್ದರಲ್ಲಿ ಐದಕ್ಕೊಂದು ನೋಡುತ್ತೇವೆ.

ಆಗದೇ ಉಳಿದದ್ದೂ ಇದೆ. ಇಷ್ಟು ಅಂಕ ಬಂದರೆ ಪಾಸು ಅಂತ ಗೆರೆ ಎಳೆಯಲು ನಮ್ಮಿಂದ ಆಗಲಿಲ್ಲ. ಬಲ್ಲವರ ಗುಂಪು, ಹೊಸಬರ ಗುಂಪು ಎರಡನ್ನೂ ಅಳೆದು, ಇಬ್ಬರ ಅಂಕ ಬೇರೆಯಾಗುವ ಕಡೆ ಗೆರೆ ಎಳೆಯುವ ವಿಧಾನ ಇದೆ. ಹತ್ತು ಹನ್ನೆರಡು ಜನರಿರುವ ವಿಭಾಗದಲ್ಲಿ ಹಾಗೆ ಎಳೆದ ಗೆರೆ ನಂಬುವಂಥದ್ದಲ್ಲ. ಸದ್ಯಕ್ಕೆ ಒಂದೊಂದು ಕಿಟಕಿಗೂ ಬೇರೆ ಬೇರೆ ಹೇಳುತ್ತೇವೆ: ಬಲಗಡೆ ಒಬ್ಬನೇ ಮಾಡಬಹುದು, ಎಡಗಡೆಗೆ ಇನ್ನೂ ಜೊತೆ ಬೇಕು, ಹೃದಯಕ್ಕೆ ಜೊತೆ ಬೇಕಾಗಿಲ್ಲ. ‘ಫಾಸ್ಟ್ ಬರುತ್ತೆ’ ಅಥವಾ ‘ಬರಲ್ಲ’ ಅನ್ನುವ ಒಂದು ಮಾತಿಗಿಂತ ಇದರಿಂದ ಕೆಲಸ ಜಾಸ್ತಿ ಆಗಿದೆ. ‘ಇಲ್ಲ’ ಅಂದು ಮನೆಗೆ ಕಳಿಸಿದವರೆಲ್ಲರಿಗೂ ಸಿಟಿ ಮಾಡಿರುವುದಿಲ್ಲ. ಹಾಗಾಗಿ ಆ ‘ಇಲ್ಲ’ ನಿಜವಾಗಿ ಸರಿಯಿತ್ತಾ ಅನ್ನುವ ಲೆಕ್ಕವೂ ಪೂರ್ತಿ ಸಿಗುವುದಿಲ್ಲ. ಮಾರನೇ ದಿನ ಫೋನ್ ಮಾಡಿ ಕೇಳುತ್ತೇವೆ. ಕೆಲವರು ಎತ್ತುತ್ತಾರೆ, ಕೆಲವರು ಎತ್ತುವುದಿಲ್ಲ. ಒಮ್ಮೆ ಪಾಸಾದವರು ಮೂರು ತಿಂಗಳು ಬೇರೆ ಪೋಸ್ಟಿಂಗ್‌ಗೆ ಹೋಗಿ ಬಂದರೆ ಕೈ ಮತ್ತೆ ಮೊಂಡಾಗಿರುತ್ತದೆ. ಬಂದ ವಾರವೇ ಮತ್ತೆ ನೋಡುತ್ತೇವೆ. ತುರ್ತು ಕೆಲಸ ಬಂದಿದ್ದ ಆ ಇಬ್ಬರು ಕನ್ಸಲ್ಟೆಂಟ್‌ಗಳಲ್ಲಿ ಒಬ್ಬರು ಆಮೇಲೆ ತಾವಾಗಿಯೇ ಬಂದು ಮಾಡಿದರು. ಇನ್ನೊಬ್ಬರಿಗೆ ಇನ್ನೂ ತುರ್ತು ಕೆಲಸ ಇದೆ.

ನನ್ನ ವಿಡಿಯೋಗೆ ಮೇಡಂ ಮೂತ್ರಚೀಲದ ಕಿಟಕಿಯಲ್ಲಿ 3 ಹಾಕಿದರು. ಲಿವರ್ ತುದಿ ನಾನೂ ಬಿಟ್ಟಿದ್ದೆ.

ಕೆಲವು ತಿಂಗಳ ನಂತರ ಇನ್ನೊಂದು ರಾತ್ರಿ. ಮರದಿಂದ ಬಿದ್ದ ಮಧ್ಯವಯಸ್ಸಿನವರು, ಎಡ ಪಕ್ಕೆ ಮುರಿದಿತ್ತು, ಬಿಪಿ ಚೆನ್ನಾಗಿಯೇ ಇತ್ತು. ಡಾ. ಕ ಡ್ಯೂಟಿಯಲ್ಲಿದ್ದ. ಐದು ಸಾಲಿಗೆ ‘ಇಲ್ಲ’. ಎಡ ಮೇಲ್ಭಾಗದ ಸಾಲಿಗೆ ‘ಕಾಣಲಿಲ್ಲ’, ಪಕ್ಕದಲ್ಲಿ ‘ಚರ್ಮದ ಕೆಳಗೆ ಗಾಳಿ ಇದೆ, ಸರ್ಜರಿಗೆ ಫೋನ್ ಮಾಡಿದೆ, ಮೊದಲು ಸಿಟಿ’ ಅಂತ ಬರೆದಿದ್ದ. ಸರ್ಜನ್ ಮೂರೂವರೆಗೆ ಎದ್ದು ಬಂದರು. ಸಿಟಿಯಲ್ಲಿ ಹೊಟ್ಟೆಯೊಳಗೆ ಏನೂ ಇರಲಿಲ್ಲ. ಗುಲ್ಮ ನೆಟ್ಟಗೆ, ಸುತ್ತ ಒಂದು ಹನಿಯೂ ಇಲ್ಲ.

ಬೆಳಿಗ್ಗೆ ಸರ್ಜನ್ ಕಾಫಿ ಹಿಡಿದುಕೊಂಡು ನನ್ನ ರೂಮಿಗೆ ಬಂದು, “ನಿಮ್ಮ ಮೂರನೇ ಚೌಕದಿಂದ ನನ್ನ ನಿದ್ದೆ ಹಾಳಾಯ್ತು” ಅಂತ ಗೊಣಗಿದರು. ಡಾ. ಕನ ಲಾಗ್‌ಬುಕ್ ಮೇಜಿನ ಮೇಲಿತ್ತು. ಎಡಗಡೆಯ ತುಣುಕು ತೆರೆದು ನೋಡಿದೆ. ಪ್ರೋಬ್ ಹಿಂದೆ ಹೋಗಿತ್ತು, ಮೇಲೆ ಹೋಗಿತ್ತು, ಗಾಳಿಯ ಬಿಳಿ ಪರದೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನೀಲಿ ಪೆನ್ನಿನಲ್ಲಿ ಸಹಿ ಹಾಕಿದೆ.